ಈಗಲ್ಲಪ್ಪ ಭಾವ ಮತ್ತು ಹದಿನೇಳನೇ ಪೀಪಾಯಿ

ಅಕ್ಕನ ಮನೆಯ ನಡುಕೋಣೆಯಲ್ಲಿ ಹದಿಮೂರು ಮೆಟ್ಟಿಲುಗಳಿವೆ. ಒಳ್ಳೆ ಮರದ ಕಟಕಟೆ, ತಿರುವಿನಲ್ಲಿ ಕೆತ್ತಿದ ಗುಂಡು, ಎಲ್ಲವೂ ಅಚ್ಚುಕಟ್ಟು. ಹದಿಮೂರನೆಯದರ ಮೇಲೆ ನಿಂತರೆ ತಲೆ ಛಾವಣಿಗೆ ಬಡಿಯುತ್ತದೆ, ಏಕೆಂದರೆ ಮೇಲೆ ಮಹಡಿ ಇಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ನಮ್ಮ ಭಾವ ಮಹಡಿ ಕಟ್ಟಿಸುವ ಉಮೇದಿನಲ್ಲಿ ಮೊದಲು ಮೆಟ್ಟಿಲು ಮಾಡಿಸಿದರು. ಕೆಲಸ ಮುಗಿಸಿದ ಬಡಗಿ, "ಮೇಲಿನದು ಯಾವಾಗ ಶುರು ಮಾಡೋಣ?" ಅಂದ. ಭಾವ ಛಾವಣಿಯನ್ನೊಮ್ಮೆ ನೋಡಿ, "ಈಗಲ್ಲ" ಅಂದರು. ಆ ಬಡಗಿ ಈಗ ಉಳಿ ಸುತ್ತಿಗೆ ಕೆಳಗಿಟ್ಟು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ಅಕ್ಕ ಮೆಟ್ಟಿಲಿಗೊಂದರಂತೆ ಈರುಳ್ಳಿ ಬುಟ್ಟಿ, ಇಸ್ತ್ರಿಪೆಟ್ಟಿಗೆ, ಹಳೇ ಪೇಪರಿನ ಕಟ್ಟು, ಹೊಲಿಗೆ ಡಬ್ಬಿ ಜೋಡಿಸಿಕೊಂಡು ಸಂಸಾರ ಮಾಡುತ್ತಿದ್ದಾಳೆ.

"ಈಗಲ್ಲ" ಅನ್ನುವುದು ಭಾವನ ಬಾಯಿಮಾತು ಮಾತ್ರವಲ್ಲ, ಅವರಿಗೆ ಅನ್ನ ಕೊಡುವ ವಿದ್ಯೆಯೂ ಹೌದು. ಅವರು ವೈನರಿಯಲ್ಲಿ ನೆಲಮಾಳಿಗೆಯ ಮೇಲ್ವಿಚಾರಕರು. ಅದಕ್ಕೆ ಮೊದಲು ಒಂಬತ್ತು ವರ್ಷ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುತ್ತಿದ್ದರು. ಚಿಗುರೊಡೆಯುವ ಎರಡು ಕಣ್ಣು ಬಿಟ್ಟು ಮಿಕ್ಕ ಕಡ್ಡಿ ಕತ್ತರಿಸಬೇಕು, ಆ ಎರಡು ಕಣ್ಣಿನಿಂದಲೇ ಮುಂದಿನ ಗೊಂಚಲು ಬರಬೇಕು. ಭಾವ ಕತ್ತರಿ ಹಿಡಿದು ಯಾವ ಎರಡು ಎಂದು ಯೋಚಿಸುತ್ತ ನಿಂತರೆ, ಬೇರೆಯವರು ಸಾಲು ಮುಗಿಸಿ ಬರುವಷ್ಟರಲ್ಲಿ ಇವರ ಬಳ್ಳಿ ತಾನೇ ಬೇಸತ್ತು ಚಿಗುರಿರುತ್ತಿತ್ತಂತೆ. ಇಂಥವರಿಗೆ ಸರಿಯಾದ ಜಾಗ ನೆಲಮಾಳಿಗೆ ಎಂದು ಯಜಮಾನರು ಅವರನ್ನು ಕೆಳಗಿಳಿಸಿದರು. ಅಲ್ಲಿ ಕೆಲಸವೆಂದರೆ ಕಾಯುವುದು. ನಲವತ್ತು ಪೀಪಾಯಿ, ಎಲ್ಲಕ್ಕೂ ಒಂದೊಂದು ನಂಬರು. ಪ್ರತಿ ಮಂಗಳವಾರ ಭಾವ ಗಾಜಿನ ಕೊಳವೆಯಲ್ಲಿ ಒಂದೊಂದರಿಂದ ಒಂದು ಗುಟುಕು ತೆಗೆದು, ಮೂಸಿ, ಬಾಯಲ್ಲಿ ಮುಕ್ಕಳಿಸಿ, ಬಕೆಟ್ಟಿಗೆ ಉಗಿಯುತ್ತಾರೆ. ಮೇಲಿನಿಂದ ಯಜಮಾನರು "ಆಯ್ತಾ?" ಅಂತ ಕೂಗುತ್ತಾರೆ. ಕೆಳಗಿನಿಂದ ಭಾವ "ಈಗಲ್ಲ" ಅನ್ನುತ್ತಾರೆ. ಯಜಮಾನರು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಹೀಗೆ ತಡೆದು ತಡೆದು ತೆಗೆದ ವೈನಿಗೆ ಒಂದು ವರ್ಷ ಬಹಳ ಹೆಸರು ಬಂತು, ಅವತ್ತಿನಿಂದ ಭಾವನಿಗೆ ಈಗಲ್ಲಪ್ಪ ಅನ್ನುವ ಬಿರುದು ಅಂಟಿಕೊಂಡಿತು.

ನಾನು ಅದೇ ವೈನರಿಯಲ್ಲಿ ಬಾಟಲಿ ತೊಳೆಯುವ ವಿಭಾಗದವಳು. ನಾದಿನಿಯಾದ್ದರಿಂದ ಭಾವನನ್ನು ರೇಗಿಸುವ ಹಕ್ಕು ನನಗೆ ಅಕ್ಕನ ಮದುವೆಯ ದಿನವೇ ಸಿಕ್ಕಿದೆ, ಅದನ್ನು ಒಂದು ದಿನವೂ ವ್ಯರ್ಥ ಮಾಡಿಲ್ಲ. ಆದರೆ ಅಕ್ಕನ ಮುಖ ನೋಡಿದರೆ ನನಗೆ ನಗು ಬರುತ್ತಿರಲಿಲ್ಲ. ಮದುವೆಯಾದ ವಾರ ಅವಳು ಒಂದೇ ಒಂದು ಆಸೆ ಹೇಳಿದ್ದಳು: ಸಮುದ್ರ ನೋಡಬೇಕು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಲ ಕೇಳಿದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳು ಬಿಟ್ಟ ಮೇಲೂ ಭಾವ ಅಭ್ಯಾಸಬಲದಿಂದ ಆಗಾಗ "ಈಗಲ್ಲ" ಅನ್ನುತ್ತಿದ್ದರು.

ಆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಾಟಲಿಗಳು ಮಲಗಿದ್ದವು. ದೂರದೂರದ ವೈನ್ ಸೀಮೆಗಳಿಂದ ಬರುವ ವ್ಯಾಪಾರಿಗಳು, ಬೆಳೆಗಾರರು ನಮ್ಮ ನೆಲಮಾಳಿಗೆ ನೋಡಿ ಹೊರಡುವಾಗ ತಮ್ಮ ಕಡೆಯದೊಂದು ಬಾಟಲಿಯನ್ನು ಭಾವನ ಕೈಗಿಟ್ಟು ಹೋಗುತ್ತಾರೆ. ಭಾವ ಅದನ್ನು ಎಳೆಮಗುವಿನ ಹಾಗೆ ಎತ್ತಿಕೊಂಡು ಬಂದು, ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿ, ಗೂಡಿನಲ್ಲಿ ಮಲಗಿಸುತ್ತಿದ್ದರು. ಚೀಟಿಯಲ್ಲಿ ಒಂದೇ ಪದ: ಈಗಲ್ಲ. ಅಂಥವು ಮೂವತ್ತೊಂದಿದ್ದವು. ಮೂವತ್ತೆರಡನೆಯದು ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು. ಮದುವೆಯಾದ ವರ್ಷ ಭಾವ ತಾವೇ ಸವರಿದ ಬಳ್ಳಿಯ ಹಣ್ಣಿನಿಂದ ತಾವೇ ಮಾಡಿದ ವೈನು ಅದು, ಬಾಯಿಗೆ ಕೆಂಪು ಅರಗು. ಅದರ ಚೀಟಿಯಲ್ಲಿ "ಖಂಡಿತ ಈಗಲ್ಲ" ಅಂತ ಇತ್ತು.

ಇಷ್ಟು ನಿಧಾನವಾಗಿ ಸಾಗುತ್ತಿದ್ದ ಸಂಸಾರವನ್ನು ಬುಡಮೇಲು ಮಾಡಿದ್ದು ಒಂದು ಫಾರಂ. ನಮ್ಮ ಯಜಮಾನರು ವೈನ್ ಪರೀಕ್ಷೆಗೆಂದು ಫಾರಂ ಅಚ್ಚು ಹಾಕಿಸಿದಾಗ ಪ್ರೆಸ್ಸಿನವನು ಕೈತಪ್ಪಿ ಒಂದು ಸೊನ್ನೆ ಹೆಚ್ಚು ಸೇರಿಸಿ ಹತ್ತು ಸಾವಿರ ಅಚ್ಚು ಹಾಕಿಬಿಟ್ಟಿದ್ದ. ಅವನ್ನು ಮುಗಿಸಬೇಕಲ್ಲ. ಹಾಗಾಗಿ ಪೀಪಾಯಿಗೂ ಅದೇ ಫಾರಂ, ವರ್ಷಕ್ಕೊಮ್ಮೆ ನಮ್ಮ ಆರೋಗ್ಯ ತಪಾಸಣೆಗೂ ಅದೇ ಫಾರಂ. ಎರಡನ್ನೂ ನೋಡುವವರು ಒಬ್ಬರೇ, ಮೂರು ತಿಂಗಳಿಗೊಮ್ಮೆ ಪಟ್ಟಣದಿಂದ ಬರುವ ಲ್ಯಾಬಿನ ಡಾಕ್ಟರಮ್ಮ. ಬೆಳಿಗ್ಗೆ ನಮ್ಮ ರಕ್ತ, ಮಧ್ಯಾಹ್ನ ಪೀಪಾಯಿಯ ವೈನು. ಎರಡೂ ಕೆಂಪು, ಎರಡೂ ಒಂದೇ ಥರದ ಪುಟ್ಟ ಸೀಸೆಯಲ್ಲಿ, ಒಂದೇ ಮೇಜಿನ ಮೇಲೆ. ಫಾರಂನಲ್ಲಿ ಹೆಸರಿಗೆ ಜಾಗವಿಲ್ಲ, ನಂಬರಿಗೆ ಮಾತ್ರ. ಅದರ ಕೆಳಗೆ ಬಣ್ಣ, ಮೂಗು, ಶುಗರ್, ಹುಳಿ, ದೇಹ, ಕಾಲು, ತಳ, ಕೊನೆ, ಸಲಹೆ ಅಂತ ಸಾಲುಗಳು. ವೈನಿನವರ ಭಾಷೆಯಲ್ಲಿ ಮೂಗು ಅಂದರೆ ವಾಸನೆ, ಕಾಲು ಅಂದರೆ ಲೋಟ ಅಲ್ಲಾಡಿಸಿದಾಗ ಗಾಜಿನ ಮೇಲೆ ಇಳಿಯುವ ಗೆರೆ, ಕೊನೆ ಅಂದರೆ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ಮನುಷ್ಯರಿಗಾದರೆ ಮೂಗು ಅಂದರೆ ಮೂಗು, ಕಾಲು ಅಂದರೆ ಕಾಲು.

ಭಾವನ ನಂಬರು ಹದಿನೇಳು. ಬೇಡಿ ಪಡೆದದ್ದು. ಹದಿನೇಳನೇ ಪೀಪಾಯಿ ಎಂದರೆ ಅವರಿಗೆ ಪಂಚಪ್ರಾಣ, ಅದರ ನಂಬರೇ ತನಗೂ ಇರಲಿ ಎಂದು ಯಜಮಾನರ ಹಿಂದೆ ಬಿದ್ದು ತಗೊಂಡಿದ್ದರು.

ತಪಾಸಣೆಯಾದ ದಿನ ಸಂಜೆ ಅಕ್ಕ ನನ್ನನ್ನು ಕರೆಸಿದಳು. ಭಾವ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಕ್ಕ ಫಾರಂ ಕೊಟ್ಟಳು. ಹದಿನೇಳು ಅಂತ ನಂಬರು, ಕೆಳಗೆ ಹೀಗಿತ್ತು: ಬಣ್ಣ, ಅಂಚಿನಲ್ಲಿ ಕಂದು. ಮೂಗು, ಹಳೇ ಚರ್ಮ, ಒದ್ದೆ ಮರ. ಶುಗರ್, ಇಲ್ಲ. ದೇಹ, ಹಿಂದೆ ತುಂಬಿತ್ತು, ಈಗ ತೆಳು. ಕಾಲು, ನಿಧಾನ. ತಳ, ಗಷ್ಟು ಕೂತಿದೆ, ಅಲುಗಾಡಿಸಬಾರದು. ಕೊನೆ, ಗಿಡ್ಡ, ತುಸು ಕಹಿ. ಸಲಹೆ: ಒಳ್ಳೆ ಕಾಲ ಮುಗಿದಿದೆ. ಇನ್ನು ಇಟ್ಟು ಪ್ರಯೋಜನವಿಲ್ಲ. ವರ್ಷದೊಳಗೆ ಮುಗಿಸುವುದು. ಅಲ್ಲಿಯವರೆಗೆ ತಂಪಾದ ಕತ್ತಲೆ ಜಾಗದಲ್ಲಿ ಮಲಗಿಸಿಡಿ.

"ಶುಗರ್ ಇಲ್ಲವಂತೆ," ಅಂದರು ಭಾವ ಸಣ್ಣ ದನಿಯಲ್ಲಿ. "ಅಷ್ಟರ ಮಟ್ಟಿಗೆ ಸಮಾಧಾನ."

"ಹಳೇ ಚರ್ಮದ ವಾಸನೆ ನಿಜಾನೇ," ಅಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತ. "ಆ ಬೂಟು ಬಿಸಾಕಿ ಅಂತ ಎಷ್ಟು ಸಲ ಹೇಳಿದೀನಿ."

ಇಪ್ಪತ್ತೊಂದು ವರ್ಷ ಪೀಪಾಯಿಗಳ ಬಗ್ಗೆ ಇದೇ ಮಾತುಗಳನ್ನು ಆಡಿದ ಮನುಷ್ಯನಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. "ಕೊನೆ, ಗಿಡ್ಡ" ಅಂತ ತನ್ನ ನಂಬರಿನ ಕೆಳಗೆ ಓದಿದವನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಅದೂ ಅಲ್ಲದೆ ಡಾಕ್ಟರಮ್ಮನ ಬರವಣಿಗೆಯಲ್ಲಿ ಇದು, ಇವರು ಅನ್ನುವ ಪದವೇ ಇರುವುದಿಲ್ಲ. ಪೀಪಾಯಿಗೂ ಮನುಷ್ಯನಿಗೂ ಒಂದೇ ಮರ್ಯಾದೆ. ಬಾಟಲಿ ತೊಳೆಯುತ್ತ ಇಷ್ಟು ವರ್ಷ ಕಳೆದ ನನಗೂ ಹೊಳೆಯಲಿಲ್ಲ.

"ಡಾಕ್ಟರಮ್ಮಂಗೆ ಫೋನ್ ಮಾಡಿ ಕೇಳಿ ಭಾವ," ಅಂದೆ.

"ಸಾಯೋ ವಿಷಯಾನ ಫೋನಲ್ಲಿ ಮಾತಾಡ್ತಾರಾ? ಅವರಿಗೆ ಎಷ್ಟು ಸಂಕಟ ಆಗಿದ್ರೆ ಹೀಗೆ ಬರೆದು ಕೊಟ್ಟು ಹೋಗಿರಬೇಕು," ಅಂದರು ಭಾವ.

ಮಾರನೆ ದಿನ ಅವರು ರಜೆ ಹಾಕಿದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ರಜೆ ತಗೊಂಡವರಲ್ಲ, ಎಲ್ಲವೂ ಈಗಲ್ಲ ಈಗಲ್ಲ ಅಂತ ಕೂಡಿಬಿದ್ದಿತ್ತು. ಆಮೇಲೆ ಸಲಹೆಯ ಪ್ರಕಾರ ತಂಪಾದ ಕತ್ತಲೆ ಜಾಗ ಹುಡುಕಿದರು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಮೆಟ್ಟಿಲ ಕೆಳಗಿನ ಗೂಡು. ಅಕ್ಕ ಹಾಸಿಗೆ ಹಾಸಿದಳು. ಭಾವ ಬಾಟಲಿಗಳ ಪಕ್ಕ, ಅವುಗಳ ಹಾಗೇ ಅಡ್ಡಡ್ಡ ಮಲಗಿದರು. ನೆಲಮಾಳಿಗೆಯಲ್ಲಿ ಗಷ್ಟು ಒಂದೇ ಕಡೆ ಗಟ್ಟಿಯಾಗದಿರಲೆಂದು ಕೆಲವು ಬಾಟಲಿಗಳನ್ನು ದಿನಕ್ಕೆ ಕಾಲು ಸುತ್ತು ತಿರುಗಿಸುವ ಪದ್ಧತಿಯಿದೆ. ಭಾವ ತಮಗೂ ಹಾಗೆ ಮಾಡಬೇಕೆಂದರು. ಬೆಳಿಗ್ಗೆ ಏಳಕ್ಕೆ ಅಕ್ಕ ಹೋಗಿ ಅವರನ್ನು ಎಡಕ್ಕೆ ಹೊರಳಿಸುವಳು, ಮಾರನೆ ದಿನ ಬೆನ್ನಿನ ಮೇಲೆ, ಅದರ ಮಾರನೆ ದಿನ ಬಲಕ್ಕೆ. ನಾಲ್ಕನೇ ದಿನ ಬೋರಲು ಮಾಡುವ ಸರದಿ. ಮೂಗು ಕಟ್ಟಿದ್ದರಿಂದ ಅದು ಕೈಗೂಡಲಿಲ್ಲ.

ಆ ನಾಲ್ಕನೇ ದಿನವೇ ತಿರುವು ಬಂದದ್ದು. ಸಂಜೆ ನಾನು ಹೋದಾಗ ಭಾವ ಗೂಡಿನಿಂದ ತೆವಳಿಕೊಂಡು ಹೊರಗೆ ಬರುತ್ತಿದ್ದರು, ಕಂಕುಳಲ್ಲಿ ಒಂದು ಬಾಟಲಿ. ಅದರ ಚೀಟಿಯನ್ನು ಒಂದು ಕೈಯಲ್ಲಿ, ಫಾರಂ ಅನ್ನು ಇನ್ನೊಂದು ಕೈಯಲ್ಲಿ ಹಿಡಿದು, ದೀಪದ ಕೆಳಗೆ ನಿಂತು ಎರಡನ್ನೂ ಓದಿದರು. ಒಂದರಲ್ಲಿ ಈಗಲ್ಲ. ಇನ್ನೊಂದರಲ್ಲಿ ಇನ್ನು ಇಟ್ಟು ಪ್ರಯೋಜನವಿಲ್ಲ.

"ಮೂರು ಲೋಟ ತಗೊಂಡು ಬಾ," ಅಂದರು ಅಕ್ಕನಿಗೆ.

ಅಕ್ಕ ಅವತ್ತಿನವರೆಗೆ ವೈನ್ ಬಾಯಿಗೆ ಹಾಕಿದವಳಲ್ಲ. ಭಾವ ಯಾವತ್ತೂ ಕೊಟ್ಟಿರಲಿಲ್ಲ, ಅಷ್ಟೆ. ಅದು ನದಿದಂಡೆಯ ಎತ್ತರದ ಸೀಮೆಯ ಬಿಳಿ ವೈನು. ಅಕ್ಕ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಗೋಡೆ ನೋಡಿದಳು.

"ಸುಣ್ಣ ಹೊಡೆದ ಗೋಡೆ ನೆಕ್ಕಿದ ಹಾಗಿದೆ," ಅಂದಳು. "ಚಿಕ್ಕವಳಿದ್ದಾಗ ನೆಕ್ತಿದ್ದೆ. ಅದೇ ರುಚಿ."

ಭಾವ ಲೋಟ ಕೆಳಗಿಟ್ಟರು. "ಆ ಸೀಮೆ ನೆಲ ಪೂರ್ತಿ ಸುಣ್ಣಕಲ್ಲು," ಅಂದರು. "ನಂಗೆ ಅದು ಕಲಿಯೋಕೆ ಆರು ವರ್ಷ ಬೇಕಾಯ್ತು."

ಮಾರನೆ ಸಂಜೆಯದು ಬೆಂಕಿಬೆಟ್ಟದ ಬುಡದ ದ್ವೀಪದ್ದು. ಅಕ್ಕ, "ಯಾರೋ ಬೆಂಕಿಕಡ್ಡಿ ಗೀರಿ ಆರಿಸಿದಾರೆ," ಅಂದಳು. ಅದರ ಮರುದಿನದ್ದು ಹಿಮ ಬಿದ್ದ ಮೇಲೆ ಕೀಳುವ ದ್ರಾಕ್ಷಿಯದು. ಅಕ್ಕ ಕುಡಿದು, "ಇದರ ಹಣ್ಣನ್ನ ಬಹಳ ದಿನ ಕಾಯಿಸಿದಾರೆ ಪಾಪ, ಬಳ್ಳಿಲೇ ಚಳಿ ತಿಂದಿದೆ," ಅಂದಳು. ಬಿಸಿಲಿನ ಬಯಲುಸೀಮೆಯ ದಪ್ಪ ಕೆಂಪು ವೈನಿಗೆ, "ಇವರು ಜೋರು ಮಾತಿನ ಜನ, ಊಟಕ್ಕೆ ಕರೆದ್ರೆ ಬಿಡಲ್ಲ," ಎಂದಳು. ಬೂಷ್ಟು ಹಿಡಿದ ದ್ರಾಕ್ಷಿಯಿಂದ ಮಾಡುವ ಸಿಹಿ ವೈನು ಬಂದಾಗ ಏನೂ ಹೇಳದೆ ಲೋಟವನ್ನು ಮತ್ತೆ ಮುಂದಕ್ಕೆ ಚಾಚಿದಳು. ಒಂದೂ ತಪ್ಪಲಿಲ್ಲ. ಭಾವ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

"ಇಷ್ಟು ದಿನ ಈ ನಾಲಿಗೆ ಎಲ್ಲಿತ್ತೇ?" ಅಂತ ಒಂದು ದಿನ ಕೇಳಿದರು.

"ಇಲ್ಲೇ ಇತ್ತು," ಅಂದಳು ಅಕ್ಕ. "ಬಾಯೊಳಗೆ."

ಜೀವನವಿಡೀ ವೈನ್ ಉಗಿದವರು ಈಗ ನುಂಗತೊಡಗಿದರು. ದಿನಕ್ಕೊಂದು ಬಾಟಲಿ. ಅಕ್ಕ ಅರ್ಧ ಲೋಟ, ನಾನು ಹೋದ ದಿನ ಒಂದು ಲೋಟ, ಮಿಕ್ಕದ್ದು ಭಾವ. ಜೊತೆಗೆ ಸಿಹಿ ತಿಂಡಿ, ಹೇಗಿದ್ದರೂ ಶುಗರ್ ಇಲ್ಲವಲ್ಲ. ಬೂಟು ಬಿಸಾಕಿ ಹೊಸದು ತಂದರು. ಅಕ್ಕನಿಗೆ ಒಂದು ನೀಲಿ ಕೊಡೆ ತಂದರು. ಕೊಡೆ ಯಾಕೆ ಅಂದದ್ದಕ್ಕೆ, "ಸಮುದ್ರದ ಹತ್ರ ಬಿಸಿಲು ಜಾಸ್ತಿ ಇರುತ್ತಂತೆ," ಅಂದರು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ಕೊಡೆ ನೋಡುತ್ತಿದ್ದಳು. ಬಾಟಲಿಗಳು ಮುಗಿದ ಮಾರನೆ ದಿನ ಸೋಮವಾರ ಬೀಳುತ್ತದೆ, ಅವತ್ತು ಹೊರಡುವುದೆಂದು ತೀರ್ಮಾನವಾಯಿತು. ಅಕ್ಕ ಅವತ್ತೇ ಪೆಟ್ಟಿಗೆ ಕಟ್ಟಿ, ಹದಿಮೂರನೇ ಮೆಟ್ಟಿಲ ಮೇಲೆ ಇಟ್ಟಳು. ಗಂಡ ಸಾಯುತ್ತಾನೆಂದು ಅತ್ತು, ಅತ್ತ ಕಣ್ಣಲ್ಲೇ ಮೆಟ್ಟಿಲ ಮೇಲಿನ ಪೆಟ್ಟಿಗೆ ನೋಡಿ ನಗುತ್ತಿದ್ದಳು. ಆ ಒಂದು ತಿಂಗಳು ನಾನು ಕಂಡಷ್ಟು ಖುಷಿಯಾಗಿ ಅವಳನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇತ್ತ ವೈನರಿಯಲ್ಲಿ ಬೇರೆಯೇ ನಾಟಕ ನಡೆದಿತ್ತು. ಒಂದು ಬೆಳಿಗ್ಗೆ ನಾನು ಬಾಟಲಿ ತೊಳೆಯುವ ಕೋಣೆಯ ಕಿಟಕಿಯಿಂದ ನೋಡುತ್ತೇನೆ, ಇಬ್ಬರು ಕೆಲಸದವರು ಅಂಗಳದಲ್ಲಿ ಒಂದು ಪೀಪಾಯಿಯನ್ನು ಉರುಳಿಸಿಕೊಂಡು ಹೋಗುತ್ತಿದ್ದಾರೆ. ಗೇಟಿನವರೆಗೆ ಹೋಗಿ, ತಿರುಗಿಸಿ, ಮತ್ತೆ ಬಂದರು. ಮತ್ತೆ ಹೋದರು. ಯಜಮಾನರು ಗಡಿಯಾರ ಹಿಡಿದು ನಿಂತಿದ್ದರು. ಅರ್ಧ ಗಂಟೆಯಾದ ಮೇಲೆ "ಸಾಕು, ಒಳಗೆ ಕರ್ಕೊಂಡು ಹೋಗಿ" ಅಂದರು. ಮಾರನೆ ದಿನವೂ ಅದೇ. ಎರಡನೇ ವಾರದಿಂದ ಅದರ ಜೊತೆ ಇನ್ನೊಂದು ಪೀಪಾಯಿಯನ್ನೂ ಉರುಳಿಸತೊಡಗಿದರು. ಒಳಗೆ ಅದರ ತಲೆಯ ಹತ್ತಿರ ಒಂದು ರೇಡಿಯೊ ಇಟ್ಟಿದ್ದಾರೆ, ಬಾಯಿಗೆ ಬೀಗ ಹಾಕಿದ್ದಾರೆ, ಸಂಜೆ ಕೆಟಲಿನಲ್ಲಿ ಆವಿ ಹಿಡಿಯುತ್ತಾರೆ ಎಂದು ಸುದ್ದಿ ಬಂತು. ಯಜಮಾನರಿಗೆ ತಲೆ ಕೆಟ್ಟಿದೆ ಎಂದು ನಾವೆಲ್ಲ ಒಮ್ಮತಕ್ಕೆ ಬಂದೆವು. ಭಾವ ಇದ್ದಿದ್ದರೆ ಅಡ್ಡ ಬಂದು ತಡೆಯುತ್ತಿದ್ದರು. ಅವರು ಮೆಟ್ಟಿಲ ಕೆಳಗೆ ಮಲಗಿದ್ದರಲ್ಲ.

ಕೊನೆಗೊಂದು ದಿನ ಯಜಮಾನರನ್ನೇ ಕೇಳಿದೆ. ಅವರು ಹೆಮ್ಮೆಯಿಂದ ಜೇಬಿನಿಂದ ಫಾರಂ ತೆಗೆದರು.

"ಹದಿನೇಳನೇದು," ಅಂದರು. "ಇನ್ನೂ ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ ಅಂತ ಬರೆದಿದಾರೆ. ಇಂಥ ಪೀಪಾಯಿ ನಮ್ಮಪ್ಪನ ಕಾಲದಲ್ಲೂ ಇರಲಿಲ್ಲ. ನಿಮ್ಮ ಭಾವ ರಜೆಯಿಂದ ಬಂದ ತಕ್ಷಣ ತೋರಿಸ್ತೀನಿ."

ನಾನು ಓದಿದೆ. ಮೂಗು, ಕಟ್ಟಿದೆ, ಆವಿ ಹಿಡಿಸಿ. ಶುಗರ್, ಜಾಸ್ತಿ. ಹುಳಿ, ಊಟದ ನಂತರ ಹೆಚ್ಚು. ದೇಹ, ನಡು ಉಬ್ಬಿದೆ. ಕಾಲು, ಸಂಜೆಗೆ ಊತ. ಸಲಹೆ: ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಸಿ. ಸಿಹಿ ಬಂದ್. ಕುಡಿತ ಪೂರ್ತಿ ಬಂದ್. ಬೇಸರವಾಗದಂತೆ ನೋಡಿಕೊಳ್ಳಿ. ಹೆಂಡತಿಯೂ ಜೊತೆಗಿರಲಿ. ಹೀಗೆ ನಡೆದರೆ ಇನ್ನೂ ಇಪ್ಪತ್ತು ವರ್ಷ ಆರಾಮ.

"ಹೆಂಡತಿ ಅಂದ್ರೆ?" ಅಂದೆ.

"ಹದಿನೆಂಟನೇದು ಪಕ್ಕದಲ್ಲೇ ಇದೆಯಲ್ಲ," ಅಂದರು ಯಜಮಾನರು.

ಸಂಜೆಗೆ ಕಾಲು ಊದುವ ಪೀಪಾಯಿ ಜಗತ್ತಿನಲ್ಲಿಲ್ಲ. ಆ ಕಾಲುಗಳನ್ನು ಅಕ್ಕ ದಿನಾ ಸಂಜೆ ಮಡಿಲಲ್ಲಿಟ್ಟುಕೊಂಡು ಒತ್ತುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ನನಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ಭಾವ ಸಾಯುವುದಿಲ್ಲ. ನಾನು ಕುಣಿದಾಡಬೇಕಿತ್ತು. ನೇರ ಅಕ್ಕನ ಮನೆಗೆ ಓಡಬೇಕಿತ್ತು. ಓಡಿದೆ ಕೂಡ. ಬಾಗಿಲಲ್ಲೇ ಅಕ್ಕನ ನಗು ಕೇಳಿಸಿತು. ಒಳಗೆ ಹೋದರೆ ಭಾವ ಅವಳ ನೀಲಿ ಕೊಡೆ ಬಿಚ್ಚಿ ಹಿಡಿದು, ನಡುಕೋಣೆಯಲ್ಲಿ ಅಲೆ ಹೇಗೆ ಬರುತ್ತದೆಂದು ತೋರಿಸುತ್ತಿದ್ದರು. ಅವರೂ ಸಮುದ್ರ ಕಂಡವರಲ್ಲ. ಗೂಡಿನಲ್ಲಿ ಇನ್ನು ಐದು ಬಾಟಲಿ ಉಳಿದಿದ್ದವು, ಜೊತೆಗೆ ಆ ಅರಗಿನದು.

ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷ ಇದೆ ಎಂದು ತಿಳಿದ ಕೂಡಲೇ ಈ ಮನುಷ್ಯ ಕೊಡೆ ಮಡಿಸಿ, ಪೆಟ್ಟಿಗೆ ಬಿಚ್ಚಿಸಿ, "ಈಗಲ್ಲ" ಅನ್ನುತ್ತಾರೆ. ಸೋಮವಾರದವರೆಗೆ ಸುಮ್ಮನಿದ್ದುಬಿಟ್ಟರೆ ಅಕ್ಕ ಸಮುದ್ರ ನೋಡಿಬಿಡುತ್ತಾಳೆ. ಐದು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಅದು ತಪ್ಪು, ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಫಾರಂನಲ್ಲಿ ಕುಡಿತ ಪೂರ್ತಿ ಬಂದ್ ಎಂದು ಓದಿಯೂ ಐದು ಸಂಜೆ ಅವರ ಮುಂದೆ ಕೂತು ಅವರ ಲೋಟ ತುಂಬುವುದನ್ನು ನೋಡಿದೆ. ಎರಡು ಸಲ ನಾನೇ ತುಂಬಿದೆ.

ಭಾನುವಾರ ಮಧ್ಯಾಹ್ನ ಭಾವ ಪ್ರಯಾಣಕ್ಕೆಂದು ಹೊಸ ಬೂಟು ಹಾಕಿ ನೋಡಲು ಕೂತರು. ಕಾಲು ಹೋಗಲಿಲ್ಲ. ಅಕ್ಕ ಹಿಮ್ಮಡಿ ಹಿಡಿದು ತಳ್ಳಿದಳು. ನಾನು ಎದುರಿಂದ ಎಳೆದೆ. ಪಾದ ಬ್ರೆಡ್ಡಿನ ಹಾಗೆ ಉಬ್ಬಿತ್ತು, ಒತ್ತಿದಲ್ಲಿ ನನ್ನ ಹೆಬ್ಬೆರಳಿನ ಗುಳಿ ಹಾಗೇ ಉಳಿಯಿತು. "ಬೂಟು ಚಿಕ್ಕದು ಕೊಟ್ಟಿದಾನೆ," ಅಂದರು ಭಾವ, ಏದುಸಿರು ಬಿಡುತ್ತ. ನಾನು ಅಂಗಳಕ್ಕೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಯಾವ ಹದಿನೇಳು?" ಅಂದರು ಅವರು. "ಉಸಿರಾಡೋದಾ, ಉಸಿರಾಡದೆ ಇರೋದಾ?"

"ಉಸಿರಾಡೋದು."

"ಗೊತ್ತಾಯ್ತು, ಆ ಹೊಟ್ಟೆ ಮನುಷ್ಯರು. ನಡೀತಿದಾರಾ?"

"ಮಲಗಿದಾರೆ."

"ಕುಡಿಯೋದು ಬಿಟ್ಟಿದಾರೆ ತಾನೆ?"

"ಈಗ ಶುರು ಮಾಡಿದಾರೆ," ಅಂದು, ಎಲ್ಲವನ್ನೂ ಹೇಳಿದೆ.

ಅವರು, "ಇವತ್ತೇ ನಿಲ್ಲಿಸಿ, ಇವತ್ತಿಂದಲೇ ನಡೆಸಿ. ಮಾತ್ರೆ ಹೆಸರು ಕಳಿಸ್ತೀನಿ, ಮುಂದಿನ ವಾರ ಬಂದು ತೋರಿಸಲಿ. ಹೀಗೇ ಬಿಟ್ರೆ ಆ ಪೀಪಾಯಿಗೆ ಬರೆದದ್ದು ಇವರಿಗೇ ನಿಜ ಆಗುತ್ತೆ," ಅಂದರು.

ನಾನು ಒಳಗೆ ಬಂದೆ. ಮೇಜಿನ ಮೇಲೆ ಅರಗಿನ ಬಾಟಲಿ, ಮೂರು ಲೋಟ. ನಿಂತಲ್ಲೇ ಹೇಳಿಬಿಟ್ಟೆ. ಫಾರಂ ಅದಲುಬದಲಾದದ್ದು, ಅಂಗಳದಲ್ಲಿ ಉರುಳಿದ ಪೀಪಾಯಿ, ಅದರ ಹೆಂಡತಿ, ನಾನು ಐದು ದಿನ ಮುಚ್ಚಿಟ್ಟದ್ದು, ಎಲ್ಲ. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾವನ ಮುಖಕ್ಕೆ ಹಳೇ ಬಣ್ಣ ನಿಧಾನವಾಗಿ ಮರಳಿತು. ಬಾಟಲಿಯನ್ನು ಎತ್ತಿಕೊಂಡು, ಅಂಗಿಯ ತುದಿಯಿಂದ ಒರೆಸಿದರು.

"ಇಪ್ಪತ್ತು ವರ್ಷ," ಅಂದರು. "ಹಾಗಾದ್ರೆ ಅವಸರ ಇಲ್ಲ. ಇದನ್ನ ಒಳಗಿಡೋಣ. ಕಾಲು ಊತ ಇಳೀಲಿ, ಚಳಿಗಾಲ ಕಳೀಲಿ, ಸಮುದ್ರ ಎಲ್ಲಿಗೂ ಹೋಗಲ್ಲ. ನಾಳೆ ಬೇಡ." ಕೊನೆಗೆ ಆ ಪದವೂ ಬಂತು. "ಈಗಲ್ಲ."

ನಾನು ಜಗಳಕ್ಕೆ ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಹಿಡಿದು ತಡೆದಳು. ಎದ್ದು ಹೋಗಿ ಅವರ ಕೈಯಿಂದ ಬಾಟಲಿ ತಗೊಂಡಳು, ಚಾಕುವಿನಿಂದ ಅರಗು ಕೆರೆದಳು, ತಿರುಪು ಚುಚ್ಚಿ ಕಾರ್ಕ್ ಎಳೆದಳು. ಒಂದು ತಿಂಗಳಲ್ಲಿ ಅವಳ ಕೈ ಪಳಗಿತ್ತು. "ನಿಮ್ಮನ್ನ ಇಪ್ಪತ್ತು ವರ್ಷ ಇಟ್ಕೋತೀನಿ," ಅಂದಳು. "ಇದನ್ನ ಇಡಲ್ಲ."

ಒಂದೇ ಲೋಟಕ್ಕೆ ಸುರಿದು, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಗೋಡೆ ನೋಡಿದಳು. ನುಂಗಲಿಲ್ಲ, ಹೋಗಿ ಬಚ್ಚಲಿಗೆ ಉಗಿದು ಬಂದಳು.

"ಹೋಗಿದೆ," ಅಂದಳು.

"ಗಾಳಿಗೆ ಬಿಟ್ರೆ ಸರಿಹೋಗುತ್ತೆ," ಅಂದರು ಭಾವ.

"ವಿನೆಗರ್ ಆಗಿದೆ. ಮೂಸಿ ನೋಡಿ."

ಭಾವ ಲೋಟ ಮೂಗಿಗೆ ಹಿಡಿದರು. ಕಟ್ಟಿದ ಮೂಗಿಗೂ ಸಿಗುವಷ್ಟು ಘಾಟು ಅದು, ಬಾಗಿಲ ಹತ್ತಿರ ನಿಂತ ನನಗೂ ಬಂದಿತ್ತು. ಲೋಟ ಕೆಳಗಿಟ್ಟು, ಮತ್ತೆ ಎತ್ತಿ, ಮತ್ತೆ ಮೂಸಿದರು. ನಲವತ್ತು ಪೀಪಾಯಿಗಳ ಒಳಗುಟ್ಟು ಬಲ್ಲ ಮನುಷ್ಯ.

"ಯಾವಾಗ ಚೆನ್ನಾಗಿತ್ತು ಇದು?" ಅಂತ ಅಕ್ಕ ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು.

ಭಾವ ಲೆಕ್ಕ ಹಾಕಿದರು. "ಹದಿನಾಲ್ಕು ವರ್ಷದ ಹಿಂದೆ ಇರಬೇಕು. ಆವಾಗ ಒಂದೆರಡು ವರ್ಷ ಬಹಳ ಚೆನ್ನಾಗಿದ್ದಿರುತ್ತೆ."

"ಆವಾಗ ನಾವೇನು ಮಾಡ್ತಿದ್ವಿ?"

"ಇಲ್ಲೇ ಇದ್ವಿ," ಅಂದರು ಭಾವ. "ಈ ಕೋಣೇಲೇ."

ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಯುತ್ತೇನೆಂದು ತಿಳಿದ ದಿನವೂ ಅತ್ತಿರಲಿಲ್ಲ. ಅಕ್ಕ ಬಾಟಲಿಗೆ ಕಾರ್ಕ್ ತುರುಕಿ, "ಸೌತೆಕಾಯಿಗೆ ಹಾಕಬಹುದು," ಅಂತ ನನ್ನ ಕೈಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಭಾವ ಮೂಗು ಒರೆಸಿಕೊಂಡು ಗೋಡೆ ಗಡಿಯಾರ ನೋಡಿದರು. ಮೂರೂ ಕಾಲು.

"ಅರ್ಧ ಗಂಟೆ ನಡೀಬೇಕು ಅಂದ್ರಲ್ಲ ಡಾಕ್ಟರಮ್ಮ," ಅಂದರು ನನಗೆ. "ಇವತ್ತಿಂದಲೇನಾ?"

"ಇವತ್ತಿಂದಲೇ."

"ಬಸ್ ಸ್ಟ್ಯಾಂಡು ಎಷ್ಟು ದೂರ ಆಗುತ್ತೆ?"

"ಸರಿಯಾಗಿ ಅರ್ಧ ಗಂಟೆ ಭಾವ," ಅಂದೆ. "ಕೊನೇ ಬಸ್ಸು ನಾಲ್ಕಕ್ಕೆ."

ಅಕ್ಕ ಮೆಟ್ಟಿಲು ಹತ್ತಿದಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮೆಟ್ಟಿಲನ್ನು ಒಬ್ಬರು ಅವಸರದಲ್ಲಿ ಹತ್ತಿದ್ದು. ಈರುಳ್ಳಿ ಬುಟ್ಟಿ ಉರುಳಿತು, ಛಾವಣಿಗೆ ತಲೆ ಬಡಿಯಿತು, ಪೆಟ್ಟಿಗೆ ಹಿಡಿದು ಹಣೆ ಉಜ್ಜುತ್ತ ಇಳಿದು ಬಂದಳು. ಭಾವ ಬೂಟು ಬಿಟ್ಟು ಮನೆ ಚಪ್ಪಲಿಯನ್ನೇ ಮೆಟ್ಟಿದರು. ಅಕ್ಕ ಬೀಗದ ಕೈಯನ್ನು ನನ್ನ ಅಂಗೈಗಿಟ್ಟಳು. ನಾನು ವಿನೆಗರ್ ಬಾಟಲಿಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತೆ.

ಬೀದಿ ನೆಟ್ಟಗಿದೆ, ತುದಿಯವರೆಗೂ ಕಾಣುತ್ತದೆ. ಅಕ್ಕ ನೀಲಿ ಕೊಡೆ ಹಿಡಿದು ಮುಂದೆ, ಭಾವ ಪೆಟ್ಟಿಗೆ ಹಿಡಿದು ಅರ್ಧ ಹೆಜ್ಜೆ ಹಿಂದೆ. ತಿರುವಿನ ಹತ್ತಿರ ಭಾವ ನಿಂತರು. ಪೆಟ್ಟಿಗೆ ನೆಲಕ್ಕಿಟ್ಟರು. ಅಕ್ಕನೂ ನಿಂತಳು, ತಿರುಗಿ ನೋಡಿದಳು. ಇಷ್ಟು ದೂರದಿಂದ ಮಾತು ಕೇಳಿಸುವುದಿಲ್ಲ, ಆದರೂ ಆ ಪದಕ್ಕಾಗಿ ನಾನು ಕಿವಿ ನಿಮಿರಿಸಿ ಕಾದೆ. ಭಾವ ಪೆಟ್ಟಿಗೆಯನ್ನು ಎಡಗೈಗೆ ಎತ್ತಿಕೊಂಡು, ಖಾಲಿಯಾದ ಬಲಗೈಯಿಂದ ಅಕ್ಕನ ಕೊಡೆ ಇಸಕೊಂಡು, ಮತ್ತೆ ನಡೆದರು.